ಅಮ್ಮನ ಜೊತೆ ಹನ್ನೊಂದು ದಿನ: ಕಠ್ಮಂಡು, ಮುಕ್ತಿನಾಥ, ಮತ್ತೆ ಕಠ್ಮಂಡು

ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಆರು ಸಾಲಿಗ್ರಾಮಗಳಿದ್ದವು. ಮಾಧ್ವರ ಮನೆ, ಹೆಂಗಸರು ಅವನ್ನು ಮುಟ್ಟುವ ಹಾಗಿಲ್ಲ. ಅಮ್ಮ ನಲವತ್ತು ವರ್ಷ ಅವುಗಳಿಗೆ ಮಡಿಯಲ್ಲಿ ಅಡುಗೆ ಮಾಡಿದ್ದಾಳೆ, ತುಳಸಿ ಕೊಯ್ದು ಕೊಟ್ಟಿದ್ದಾಳೆ, ಮುಟ್ಟಿಲ್ಲ. ಅಪ್ಪ ಹೋದ ಮೇಲೆ ಪೆಟ್ಟಿಗೆ ಅಣ್ಣನ ಮನೆ ಸೇರಿತು. ಒಂದು ದಿನ ಅವರೆಕಾಯಿ ಬಿಡಿಸುತ್ತಾ ಕೂತಿದ್ದವಳು, "ಆ ಕಲ್ಲು ಹುಟ್ಟೋ ಗಂಡಕೀನಾದ್ರೂ ನೋಡ್ಬೇಕು ಕಣೇ" ಅಂದಳು.

ಗಂಡಕಿ ನೇಪಾಳದ ನದಿ, ಮುಕ್ತಿನಾಥ ಅದರ ಕಣಿವೆಯ ಮೇಲಿನ ಯಾತ್ರಾಸ್ಥಳ. ಮೊದಲು ಯಾತ್ರೆ ಪ್ಯಾಕೇಜಿನವರನ್ನು ವಿಚಾರಿಸಿದೆ. ಅವರ ಪಟ್ಟಿಯಲ್ಲಿ ಕಠ್ಮಂಡುವಿಗೆ ಒಂದು ದಿನ, ಪೊಖರಾಕ್ಕೆ ಒಂದು ದಿನ, ಮುಕ್ತಿನಾಥ 'ಹೋಗಿ ಬಂದು'. ಅಮ್ಮನಿಗೆ ಅರವತ್ಮೂರು, ಮಂಡಿನೋವು. ಆ ಓಟ ಅವಳಿಂದಾಗದು. ಕೊನೆಗೆ ನಾನೇ ಹನ್ನೊಂದು ದಿನದ ಲೆಕ್ಕ ಹಾಕಿದೆ, ನವೆಂಬರ್ ಕೊನೆಗೆ. ಅದರಲ್ಲಿ ಎರಡು ದಿನದ ಮುಂದೆ ಏನೂ ಬರೆಯಲಿಲ್ಲ. ನಾನು ಮಾಡಿದ ಬುದ್ಧಿವಂತಿಕೆ ಏನಾದರೂ ಇದ್ದರೆ ಅದೊಂದೇ.

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರ ಹತ್ತಿರ ಪಾಸ್‌ಪೋರ್ಟ್ ಇರಬೇಕು, ಇಲ್ಲವೇ ಚುನಾವಣಾ ಗುರುತಿನ ಚೀಟಿ. ಹದಿನೈದರ ಒಳಗಿನವರಿಗೂ ಅರವತ್ತೈದು ದಾಟಿದವರಿಗೂ ಬಿಟ್ಟರೆ ಆಧಾರ್ ನಡೆಯುವುದಿಲ್ಲ. ಎಲ್ಲ ಕಡೆ ಆಧಾರ್ ತೋರಿಸಿ ಅಭ್ಯಾಸವಾದ ಅಮ್ಮ ವೋಟರ್ ಐಡಿಯನ್ನು ಎಲ್ಲಿಟ್ಟಿದ್ದಾಳೆಂದೇ ಮರೆತಿದ್ದಳು. ಹೊರಡುವ ನಾಲ್ಕು ದಿನ ಮುಂಚೆ ಅದು ಬೀರುವಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಸಿಕ್ಕಿತು.

ದೆಹಲಿಯಿಂದ ಕಠ್ಮಂಡುವಿಗೆ ಹಾರುವಾಗ ಎಡಗಡೆ ಕಿಟಕಿ ಕೇಳಿ ತೆಗೆದುಕೊಂಡೆ, ಹಿಮದ ಸಾಲು ಆ ಕಡೆ. ಕಠ್ಮಂಡುವಿನಿಂದ ಪೊಖರಾಕ್ಕಾದರೆ ಬಲಗಡೆ. ಇಳಿದ ಮೇಲೆ ಗಡಿಯಾರ ಹದಿನೈದು ನಿಮಿಷ ಮುಂದೆ. "ಈ ಕಾಲು ಗಂಟೇಲಿ ಇವರೇನು ಮಾಡ್ತಾರೆ?" ಅಂತ ಅಮ್ಮ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಟ್ಯಾಕ್ಸಿಯಲ್ಲಿ. ಚಾಲಕ ಎಂಟುನೂರು ಅಂದ, ನಾನು ಹೂಂ ಅಂದೆ. ಇಳಿಯುವಾಗ ನೇಪಾಳಿ ನೋಟು ಎಣಿಸಿ ಕೊಟ್ಟರೆ, "ಐಸಿ, ಐಸಿ" ಅನ್ನುತ್ತಾನೆ. ಅಲ್ಲಿ ಐಸಿ ಅಂದರೆ ಭಾರತದ ರೂಪಾಯಿ, ಎನ್‌ಸಿ ಅಂದರೆ ನೇಪಾಳದ್ದು. ನಮ್ಮ 100 ರೂಪಾಯಿ ಅವರ 160; 1993ರಿಂದ ಇದೇ ದರ ಕಟ್ಟಿಟ್ಟಿದ್ದಾರೆ. ಎಂಟುನೂರು ಐಸಿ ಎಂದರೆ 1,280 ನೇಪಾಳಿ ರೂಪಾಯಿ! ಒಂದಷ್ಟು ವಾದ ಮಾಡಿ, ನಡುವೆ ಒಂದು ಮೊತ್ತಕ್ಕೆ ಒಪ್ಪಿಸಿದೆ. ಆಮೇಲಿಂದ ಯಾರು ಏನು ಬೆಲೆ ಹೇಳಿದರೂ ಮೊದಲ ಪ್ರಶ್ನೆ ಅದೇ ಆಯಿತು. ನಾವು ಹೋದಾಗ ಅಲ್ಲಿ ನಮ್ಮ 500ರ ನೋಟಿಗೆ ಮಾನ್ಯತೆ ಇರಲಿಲ್ಲ. ನೂರರ ನೋಟುಗಳ ಕಟ್ಟನ್ನೇ ಒಯ್ದಿದ್ದೆ.

ಕಠ್ಮಂಡುವಿನ ಗದ್ದಲದ ಬಗ್ಗೆ ತುಂಬಾ ಕೇಳಿದ್ದೆ. ಧೂಳು, ತಲೆ ಮೇಲೆ ಜೋತಾಡುವ ತಂತಿಯ ಸಿಕ್ಕು, ಎಲ್ಲಿಂದಲೋ ನುಗ್ಗುವ ಬೈಕು, ಎಲ್ಲವೂ ನಿಜ. ಆದರೆ ಹಾರ್ನ್ ಇಲ್ಲ! 2017ರಿಂದ ಅಲ್ಲಿ ಸುಮ್ಮಸುಮ್ಮನೆ ಹಾರ್ನ್ ಹೊಡೆಯುವುದನ್ನು ನಿಷೇಧಿಸಿದ್ದಾರೆ, ಜನ ಬಹುಮಟ್ಟಿಗೆ ಪಾಲಿಸುತ್ತಾರೆ. ಸಿಗ್ನಲ್ ದೀಪ ಕಡಿಮೆ, ನಾಲ್ಕು ರಸ್ತೆ ಕೂಡುವಲ್ಲಿ ಪೊಲೀಸರು ಕೈಬೀಸಿಯೇ ನಿಭಾಯಿಸುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಕಿವಿ ಕಳೆದುಕೊಂಡ ನನಗೆ ಅದು ಮೂಕಿ ಸಿನಿಮಾ ನೋಡಿದಂತಿತ್ತು.

ಉಳಿದುಕೊಳ್ಳಲು ಪ್ರವಾಸಿಗರೆಲ್ಲ ಇಳಿಯುವ ಥಮೆಲ್ ಬಿಟ್ಟು ಅಸನ್ ಪೇಟೆಯ ಹತ್ತಿರ ಕೋಣೆ ಹಿಡಿದದ್ದು ಒಳ್ಳೆಯದಾಯಿತು. ಅಸನ್ ನೋಡಬೇಕಾದರೆ ಬೆಳಗ್ಗೆ ಆರೂವರೆಗೆ ಹೋಗಬೇಕು. ಆರು ದಾರಿ ಕೂಡುವ ಚೌಕ, ನಡುವೆ ಅನ್ನಪೂರ್ಣೆಯ ಗುಡಿ, ಸುತ್ತ ಚೆಂಡುಹೂವು, ಹಿತ್ತಾಳೆ ಪಾತ್ರೆ, ಒಣಮೀನು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಅಮ್ಮ ಹಿತ್ತಾಳೆ ದೀಪಕ್ಕೆ ಚೌಕಾಸಿ ಮಾಡಿದಳು. ಅಲ್ಲೇ ಸ್ವಲ್ಪ ಮುಂದೆ ಬಾಂಗೆಮುಢಾದಲ್ಲಿ ಗೋಡೆಗೆ ಒಂದು ಮರದ ತುಂಡಿದೆ, ಮೈತುಂಬ ಮೊಳೆ ಮತ್ತು ನಾಣ್ಯ. ಹಲ್ಲುನೋವು ಹೋಗಲೆಂದು ಜನ ಹೊಡೆದದ್ದು. ಅದರ ಸುತ್ತಮುತ್ತ ಸಾಲಾಗಿ ಹಲ್ಲಿನ ಡಾಕ್ಟರ ಅಂಗಡಿಗಳು. ದೇವರೂ ಡಾಕ್ಟರೂ ಗಿರಾಕಿಗಳನ್ನು ಹಂಚಿಕೊಂಡಿದ್ದಾರೆ.

ಒಳಗಲ್ಲಿಗಳಲ್ಲಿ ಕೆಲವು ಹಳೇ ಮನೆಗಳಿಗೆ ಇನ್ನೂ ಮರದ ಆಸರೆ ಕೊಟ್ಟಿದ್ದಾರೆ. 2015ರ ಏಪ್ರಿಲ್ 25ರ ಭೂಕಂಪದ ಗುರುತು. ಊರಿಗೆ ಹೆಸರು ಕೊಟ್ಟ ಕಾಷ್ಠಮಂಡಪ ಅವತ್ತು ಪೂರ್ತಿ ಕುಸಿದಿತ್ತು. ಈಗಿರುವುದು ಅದೇ ರೀತಿ ಮರದಲ್ಲಿ ಮತ್ತೆ ಕಟ್ಟಿದ್ದು. ಪಕ್ಕದ ಊರು ಭಕ್ತಪುರದಲ್ಲಿ 1702ರಲ್ಲಿ ಕಟ್ಟಿದ ಐದಂತಸ್ತಿನ ನ್ಯಾತಪೋಲ ಗುಡಿ ಮಾತ್ರ 1934ರ ಕಂಪನಕ್ಕೂ ಇದಕ್ಕೂ ಜಗ್ಗದೆ ನಿಂತಿದೆ. ಅದರ ಮೆಟ್ಟಿಲಲ್ಲಿ ಕೂತು ಮಣ್ಣಿನ ಕುಡಿಕೆಯಲ್ಲಿ 'ಜುಜು ಧೌ' ತಿಂದೆವು. ನೆವಾರಿ ಭಾಷೆಯಲ್ಲಿ ಜುಜು ಅಂದರೆ ರಾಜ, ಧೌ ಅಂದರೆ ಮೊಸರು. ಸಿಹಿಮೊಸರು ಅಮ್ಮನಿಗೆ ಹಿಡಿಸಲಿಲ್ಲ. "ಉಪ್ಪು ಕೇಳು" ಅಂದಳು.

ಪಶುಪತಿನಾಥನಿಗೆ ಪೂಜೆ ಮಾಡುವ ಭಟ್ಟರು ತಲೆಮಾರುಗಳಿಂದ ದಕ್ಷಿಣದಿಂದ, ಅದರಲ್ಲೂ ನಮ್ಮ ಕರ್ನಾಟಕದಿಂದ ಹೋದವರು. 2009ರಲ್ಲಿ ಅಲ್ಲಿನ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಹೊರಟು ದೊಡ್ಡ ಗಲಾಟೆಯಾಗಿ ಹಿಂದೆ ಸರಿದಿತ್ತು. ಇದನ್ನೆಲ್ಲ ಹೇಳಿದ್ದರಿಂದ ಅಮ್ಮ ಸಾಲಿನಲ್ಲಿ ನಿಂತಾಗಿನಿಂದಲೇ ಎರಡು ಮಾತು ಕನ್ನಡ ಕೇಳುತ್ತದೆಂದು ಕಾದಳು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಂದೊಂದರಲ್ಲಿ ಶಿವನ ಒಂದೊಂದು ಮುಖ. ನಮ್ಮ ಸರದಿ ಬಂದಾಗ ಕೇಳಿದ್ದು ಮಂತ್ರ ಮಾತ್ರ. ಬಾಯಿ ತೆರೆಯುವಷ್ಟರಲ್ಲಿ ಹಿಂದಿನವರು ತಳ್ಳಿಯೇಬಿಟ್ಟರು. ಹೊರಗೆ ಬಾಗ್ಮತಿಯ ದಡದಲ್ಲಿ ಚಿತೆಗಳು ಉರಿಯುತ್ತಿದ್ದವು. ಅಮ್ಮ ಬಹಳ ಹೊತ್ತು ಅಲ್ಲೇ ಕೂತಳು, ನಾನು ಏಳಿಸಲಿಲ್ಲ.

ಪೊಖರಾಕ್ಕೆ ಬಸ್ಸಿನಲ್ಲಿ ಹೋದದ್ದು ನನ್ನ ತಪ್ಪು. ಸುಮಾರು 200 ಕಿಲೋಮೀಟರು, ಐದಾರು ಗಂಟೆ ಅಂದುಕೊಂಡಿದ್ದೆ. ಪೃಥ್ವಿ ಹೆದ್ದಾರಿಯನ್ನು ಅಗಲ ಮಾಡುತ್ತಿದ್ದರು, ಹತ್ತು ಗಂಟೆ ಹಿಡಿಯಿತು. ನೇಪಾಳದಲ್ಲಿ 'ಎಷ್ಟು ದೂರ' ಅಂತ ಕೇಳಬಾರದು, 'ಎಷ್ಟು ಹೊತ್ತು' ಅಂತ ಕೇಳಿ, ಬಂದ ಉತ್ತರಕ್ಕೆ ಅರ್ಧ ಸೇರಿಸಿಕೊಳ್ಳಬೇಕು. ಅಮ್ಮನ ಸೊಂಟಕ್ಕೆ ಒಂದು ಖಾಲಿ ದಿನ ಹೋಯಿತು.

ಪೊಖರಾದಿಂದ ಮುಕ್ತಿನಾಥದ ಹತ್ತಿರದ ಜೋಮ್‌ಸೋಮ್‌ಗೆ ಪುಟ್ಟ ವಿಮಾನ ಇಪ್ಪತ್ತೇ ನಿಮಿಷ. ಆದರೆ ಬೆಳಗ್ಗೆ ಮಾತ್ರ ಹಾರಾಟ, ಹೊತ್ತೇರಿದರೆ ಕಾಳಿ ಗಂಡಕಿ ಕಣಿವೆಯಲ್ಲಿ ಗಾಳಿ ಎದ್ದುಬಿಡುತ್ತದೆ. ನಮ್ಮದು ಮೋಡದಿಂದ ರದ್ದಾಯಿತು. ಜೀಪು ಹಿಡಿದೆವು, ದಾರಿಯಲ್ಲಿ ತಾತೋಪಾನಿಯಲ್ಲಿ ರಾತ್ರಿ ಉಳಿದೆವು. ಎರಡನೇ ಖಾಲಿ ದಿನ ಅಲ್ಲಿಗೆ ಮುಗಿಯಿತು, ಆದರೆ ಅದರಿಂದ ಉಪಕಾರವೇ ಆಯಿತು: ಬಿಸಿನೀರಿನ ಬುಗ್ಗೆಯಲ್ಲಿ ಮಂಡಿ ಇಳಿಬಿಟ್ಟು ಕೂತ ಅಮ್ಮ ಮರುದಿನ ಹುಡುಗಿಯಂತೆ ಜೀಪು ಹತ್ತಿದಳು. ನಿಧಾನವಾಗಿ ಮೇಲೇರಿದ್ದರಿಂದ ಎತ್ತರದ ತಲೆನೋವೂ ಬರಲಿಲ್ಲ. ಇಬ್ಬರಿಗೂ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ದಾಲ್‌ಭಾತ್ ಬೇಕಿತ್ತು, ಅದಕ್ಕೊಂದು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ: "ಪ್ಯಾಜ್ ಲಸುನ್ ನಹಾಲ್ನುಸ್." ಎಲ್ಲ ಕಡೆ ನಡೆಯಿತು. ಅನ್ನ, ಬೇಳೆ, ಪಲ್ಯ ಎರಡನೇ ಸಲ ಅವರೇ ತಂದು ಬಡಿಸುತ್ತಾರೆ, ಬೇಡ ಅಂದರೂ.

ಮುಕ್ತಿನಾಥ 3,700 ಮೀಟರಿಗೂ ಮೇಲಿದೆ. ಹತ್ತು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದೆವು. 108 ಧಾರೆಗಳ ಕೆಳಗೆ ಅಮ್ಮ ಓಡಿದಳೋ ನಡೆದಳೋ ಗೊತ್ತಾಗಲಿಲ್ಲ, ನಾನು ಚಳಿಗೆ ಹೆದರಿ ತಲೆಗೆ ಪ್ರೋಕ್ಷಣೆ ಮಾಡಿಕೊಂಡೆ. ಬೌದ್ಧ ಸನ್ಯಾಸಿನಿಯರೂ ನೋಡಿಕೊಳ್ಳುವ ವಿಷ್ಣುವಿನ ಗುಡಿ ಅದು. ಒಳಗೆ ಹೆಂಗಸೊಬ್ಬಳು ಸಲೀಸಾಗಿ ದೇವರ ಕೈಂಕರ್ಯ ಮಾಡುತ್ತಿದ್ದುದನ್ನು ಅಮ್ಮ ತದೇಕಚಿತ್ತದಿಂದ ನೋಡಿದಳು. ಏನೂ ಹೇಳಲಿಲ್ಲ.

ಕಾಗ್‌ಬೇನಿಯಲ್ಲಿ ಗಂಡಕಿಗೆ ಇಳಿದೆವು. ಬೂದಿಬಣ್ಣದ ನೀರು, ಅಗಲವಾದ ಕಲ್ಲುಹಾಸು. ಕೋಟ್ಯಂತರ ವರ್ಷದ ಹಿಂದೆ ಸಮುದ್ರವಿದ್ದ ಜಾಗ. ಸಾಲಿಗ್ರಾಮದೊಳಗಿನ ಚಕ್ರ ಆ ಸಮುದ್ರದ ಜೀವಿಗಳ ಚಿಪ್ಪಿನ ಅಚ್ಚು ಅಂತ ಹೇಳಿದೆ. "ಇರಲಿ, ಮತ್ಸ್ಯಾವತಾರ ಅಂತಾನೇ ಅನ್ಕೋ" ಅಂದಳು. ಪಾದ ನೆನೆಸಿಕೊಂಡಳು. ಕಪ್ಪು ಕಲ್ಲು ಕಂಡಲ್ಲೆಲ್ಲ ಬೆರಳು ತೋರಿಸಿ ನನ್ನಿಂದ ಎತ್ತಿಸಿ ನೋಡಿದಳೇ ಹೊರತು ತಾನು ಮುಟ್ಟಲಿಲ್ಲ.

ಹಿಂತಿರುಗುವಾಗ ಆಕಾಶ ತಿಳಿಯಾಗಿತ್ತು, ವಿಮಾನ ಸಿಕ್ಕಿತು. ಕಠ್ಮಂಡುವಿನಲ್ಲಿ ಕೊನೆಯ ಸಂಜೆ ಮತ್ತೆ ಪಶುಪತಿಯ ಹೊರಬೀದಿಗೆ ಹೋದೆವು, ರುದ್ರಾಕ್ಷಿ ಕೊಳ್ಳಲು. ಅಂಗಡಿಯಾಕೆ ತಟ್ಟೆಯಿಂದ ಒಂದು ಕರೀ ಸಾಲಿಗ್ರಾಮ ಎತ್ತಿ, "ಲಿನುಸ್ ಆಮಾ" ಅನ್ನುತ್ತಾ ಸೀದಾ ಅಮ್ಮನ ಅಂಗೈಯಲ್ಲಿ ಇಟ್ಟುಬಿಟ್ಟಳು. ಅಮ್ಮ ಬೆಚ್ಚಿದಳು. ನಾನು ತೆಗೆದುಕೊಳ್ಳಲು ಕೈ ಚಾಚಿದೆ, ಅವಳು ಕೊಡಲಿಲ್ಲ. ಹೆಬ್ಬೆರಳಿನಿಂದ ಅದರ ಅಂಚನ್ನು ಒಂದು ಸುತ್ತು ಸವರಿದಳು. ಅಂಗಡಿಯಾಕೆ ಬೆಲೆ ಹೇಳಿದಳು, ಸಾವಿರದ ಐನೂರು.

"ಕೇಳೇ ಅವಳನ್ನ," ಅಂದಳು ಅಮ್ಮ, ಮುಷ್ಟಿ ಬಿಡಿಸದೆ, "ಐಸಿನೋ ಎನ್‌ಸಿನೋ?"