ಜರ್ಮನಿಯಲ್ಲಿ ಹಿಮ ಬಿದ್ದು ವಿಮಾನ ನಿಂತಾಗ, ಕಂಕುಳಲ್ಲಿ ಮಗು ಇದ್ದರೆ

ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿದರೆ ಶಿರಸಿಗೆ ಸುದ್ದಿ ಮುಟ್ಟಲು ಹತ್ತು ನಿಮಿಷ ಸಾಕು. ಬಸ್ ಕಂಡಕ್ಟರ್ ಹೇಳುತ್ತಾನೆ, ಹಾಲಿನ ಡೇರಿಯಲ್ಲಿ ಯಾರೋ ಹೇಳುತ್ತಾರೆ, ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಫೋಟೋ ಬಂದಿರುತ್ತದೆ. ಮಗು ಎತ್ತಿಕೊಂಡು ದಾರಿಯಲ್ಲೇ ಸಿಕ್ಕಿಬಿದ್ದರೂ, ಹತ್ತಿರದ ಯಾವುದೋ ಮನೆ ಜಗಲಿ ಹತ್ತಿದರೆ ಮೊದಲು ಕೇಳುವುದೇ "ಆಸರಿಗೆ ಎಂತ ಬೇಕು?" ಅಂತ. ಆಸರಿಗೆ ಅಂದರೆ ದಣಿದು ಬಂದವರಿಗೆ ಕುಡಿಯಲು ಕೊಡುವುದು. ಜರ್ಮನಿಯಲ್ಲಿ ತಿರುಗಾಮುರುಗಾ. ಅಲ್ಲಿ ನಿಮಗೆ ಆಸರಿಗೆ ಕೊಡಲೇಬೇಕು ಅಂತ ಕಾನೂನಿದೆ, ಆದರೆ ಯಾರೂ ಬಂದು ಕೇಳುವುದಿಲ್ಲ. ನೀವೇ ಹೋಗಿ ಕೇಳಬೇಕು.

ಈ ಸಲ ಊರಿಗೆ ಬಂದಾಗ ಪಕ್ಕದ ಮನೆಯ ಹುಡುಗಿ ಒಂದೂವರೆ ವರ್ಷದ ಮಗನನ್ನು ಕಟ್ಟಿಕೊಂಡು ಡಿಸೆಂಬರ್‌ನಲ್ಲಿ ಅಲ್ಲಿಗೆ ಹೊರಟಿದ್ದಾಳೆ ಅಂತ ಗೊತ್ತಾಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕುಮಟಾ, ಕಾರವಾರದ ಕಡೆಯಿಂದ ಹೋಗುವವರೂ ಈಗ ಜಾಸ್ತಿ ಅಲ್ವಾ.

ಮೊದಲು ನಮ್ಮ ಕಥೆ. ಜನವರಿ, ಜರ್ಮನಿಯಲ್ಲಿ ಹಿಮ ಬೀಳುತ್ತಿತ್ತು, ಮಗಳಿಗೆ ಇಪ್ಪತ್ತು ತಿಂಗಳು. ಸಂಜೆ ಏಳಕ್ಕೆ ಬೋರ್ಡಿನಲ್ಲಿ ನಮ್ಮ ವಿಮಾನದ ಎದುರು "ರದ್ದು" ಅಂತ ಬಂತು. ತಳ್ಳುಗಾಡಿಯನ್ನು ಲಗೇಜಿಗೆ ಹಾಕಿಬಿಟ್ಟಿದ್ದೆವು, ಅದು ಒಳಗೇ ಉಳಿಯಿತು. ಸಾಲಿನಲ್ಲಿ ಎರಡು ಗಂಟೆ. ಮಗಳು ಒಂದು ಶೂ ಬಿಚ್ಚಿ ಮುಂದಿನವರ ಸೂಟ್‌ಕೇಸ್ ಮೇಲೆ ಎಸೆದಳು, ಆಮೇಲೆ ನೆಲದ ಮೇಲೆ ಅಂಗಾತ ಮಲಗಿ ಅಜ್ಜನ ಮನೆ ಕರುವಿನ ಹೆಸರು ಹಿಡಿದು ಕೂಗತೊಡಗಿದಳು. ಕೌಂಟರಿನಲ್ಲಿದ್ದವನು ಎಲ್ಲರಿಗೂ ಒಂದು ಚೀಟಿ ಕೊಟ್ಟು, "ಆ್ಯಪ್ ನೋಡಿ" ಅಂತ ಸಾಗಹಾಕುತ್ತಿದ್ದ. ನಮ್ಮ ಮುಂದಿದ್ದ ಹೆಂಗಸು ಮಾತ್ರ ಚೀಟಿ ಮುಟ್ಟಲಿಲ್ಲ. "ಬೆಟ್ರೊಯುಂಗ್" ಅಂತ ಏನೋ ಅಂದಳು. ಅವನು ಡ್ರಾಯರ್ ಎಳೆದು ಹೋಟೆಲ್ ಕೂಪನ್, ಊಟದ ಕೂಪನ್ ಎರಡೂ ತೆಗೆದ. ಅಷ್ಟು ಹೊತ್ತೂ ಅಲ್ಲೇ ಇತ್ತು! ನಾನೂ ಅದೇ ಶಬ್ದ ಹೇಳಿದೆ, ನಮಗೂ ಸಿಕ್ಕಿತು.

ಬೆಟ್ರೊಯುಂಗ್ ಅಂದರೆ ಆರೈಕೆ, ನೋಡಿಕೊಳ್ಳುವುದು. ಐರೋಪ್ಯ ಒಕ್ಕೂಟದ 261/2004 ಅನ್ನುವ ನಿಯಮದಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ, ನಮ್ಮವರು ಎರಡನ್ನೂ ಕಲಸಿಬಿಡುತ್ತಾರೆ. ಒಂದು ಪರಿಹಾರದ ಹಣ, ದೂರದ ಪ್ರಯಾಣಕ್ಕೆ 600 ಯೂರೋವರೆಗೆ. ಹಿಮ, ಬಿರುಗಾಳಿ ಕಾರಣವಾದರೆ ಇದು ಸಿಗುವುದಿಲ್ಲ, ಆಸೆ ಬಿಡಿ. ಇನ್ನೊಂದು ಆರೈಕೆ: ಊಟ, ನೀರು, ರಾತ್ರಿ ಉಳಿಯಬೇಕಾದರೆ ಹೋಟೆಲ್, ಹೋಟೆಲಿಗೆ ಹೋಗಿಬರುವ ವಾಹನ, ಎರಡು ಫೋನ್ ಕರೆ. ಇದು ಹವಾಮಾನ ಕೆಟ್ಟರೂ ಕೊಡಲೇಬೇಕು. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಸಿಡಿದು ಯುರೋಪಿನ ವಿಮಾನಗಳೆಲ್ಲ ನಿಂತಿದ್ದು ನೆನಪಿರಬೇಕು. ಆ ಸಲದ ಒಂದು ಕೇಸಿನಲ್ಲಿ 2013ರಲ್ಲಿ ಐರೋಪ್ಯ ನ್ಯಾಯಾಲಯ, ಅಂಥ ಹೊತ್ತಿನಲ್ಲೂ ನೋಡಿಕೊಳ್ಳುವ ಹೊಣೆ ಕಂಪನಿಯದೇ ಅಂತ ಹೇಳಿತು. ಕೂಪನ್ ಸಿಗದೇ ನೀವೇ ರೂಮು ಮಾಡಿದರೆ ರಸೀದಿ ಇಟ್ಟುಕೊಳ್ಳಿ. ಮಿತವಾದ ಖರ್ಚನ್ನು ಆಮೇಲೆ ವಸೂಲಿ ಮಾಡಬಹುದು. ಐಷಾರಾಮಿ ಹೋಟೆಲ್ ಮಾಡಿ ಬಿಲ್ ಕಳಿಸಿದರೆ ಒಪ್ಪುವುದಿಲ್ಲ.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ರದ್ದಾದ ಕೂಡಲೇ ಆ್ಯಪ್‌ನಲ್ಲಿ "ಹಣ ವಾಪಸ್" ಅಂತ ಬಟನ್ ಬರುತ್ತದೆ. ಗಾಬರಿಯಲ್ಲಿ ಅದನ್ನು ಒತ್ತಿದಿರೋ, ಅಲ್ಲಿಗೆ ಕಂಪನಿಯ ಜವಾಬ್ದಾರಿ ಮುಗಿಯಿತು. ಹೋಟೆಲೂ ಇಲ್ಲ, ಬೇರೆ ವಿಮಾನವೂ ಇಲ್ಲ. ಮಗು ಇದ್ದವರು ಬೇರೆ ವಿಮಾನವನ್ನೇ ಕೇಳಿ. ನಿಮಗೆ ಅನುಕೂಲವಾದ ದಿನಕ್ಕೆ ಮುಂದೂಡಲೂ ಬರುತ್ತದೆ, ಆದರೆ ಹಾಗೆ ನೀವಾಗಿಯೇ ಮುಂದೆ ಹಾಕಿದರೆ ನಡುವಿನ ದಿನಗಳ ಖರ್ಚು ನಿಮ್ಮದು. ಹೊಸ ಟಿಕೆಟ್ ಬಂದ ಮೇಲೆ ಮಗುವಿನ ಹೆಸರು ಇದೆಯಾ ಅಂತ ನೋಡಿ. ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂರುವುದರಿಂದ ಅದಕ್ಕೆ ಸೀಟು ಇರುವುದಿಲ್ಲ, ಬದಲಿ ಟಿಕೆಟ್‌ನಲ್ಲಿ ಹೆಸರು ಬಿಟ್ಟುಹೋಗುವುದುಂಟು. ನಮ್ಮದರಲ್ಲಿ ಬಿಟ್ಟುಹೋಗಿತ್ತು, ಮರುದಿನ ಬೆಳಿಗ್ಗೆ ಗೇಟಿನಲ್ಲಿ ಗೊತ್ತಾಯಿತು. ನನ್ನ ಗಂಡ ಆ ದಿನ ಓಡಿದ ಹಾಗೆ ಶಾಲೆಯ ಕ್ರೀಡಾಕೂಟದಲ್ಲೂ ಓಡಿರಲಿಕ್ಕಿಲ್ಲ.

ಈ ಕಾನೂನು ಐರೋಪ್ಯ ಒಕ್ಕೂಟದ ದೇಶಗಳಿಂದ ಹೊರಡುವ ಎಲ್ಲ ವಿಮಾನಗಳಿಗೂ ಅನ್ವಯ, ಗಲ್ಫ್ ಕಂಪನಿಯಾದರೂ ಸರಿ. ಆದರೆ ಗೋವಾದಿಂದಲೋ ಬೆಂಗಳೂರಿನಿಂದಲೋ ಜರ್ಮನಿಗೆ ಹೋಗುವಾಗ ಐರೋಪ್ಯ ಒಕ್ಕೂಟದ ಕಂಪನಿಯಾದರೆ ಮಾತ್ರ. ಟಿಕೆಟ್ ಮಾಡುವಾಗಲೇ ಇದು ತಲೆಯಲ್ಲಿರಲಿ. ಇನ್ನು ಆಷಾಢದಲ್ಲಿ ಘಟ್ಟ ಬಂದ್ ಆಗಿ ನೀವೇ ವಿಮಾನ ತಪ್ಪಿಸಿಕೊಂಡರೆ ಯಾವ ಕಾನೂನೂ ಕಾಯುವುದಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತಲ್ಲ. ಮಳೆಗಾಲದಲ್ಲಿ ಹಿಂದಿನ ದಿನವೇ ಘಟ್ಟ ಇಳಿದು ಗೋವಾ ಸೇರಿಬಿಡಿ, ಇಲ್ಲ ಹುಬ್ಬಳ್ಳಿ ದಾರಿ ಹಿಡಿಯಿರಿ.

ಜರ್ಮನಿಯೊಳಗೆ ಹೆಚ್ಚಾಗಿ ರೈಲು. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಐಸಿಇ ಅನ್ನುವ ವೇಗದ ರೈಲಿನಲ್ಲಿ ಕ್ಲೈನ್‌ಕಿಂಡ್ ಅನ್ನುವ ಚಿಕ್ಕ ಕೋಣೆ ಇರುತ್ತದೆ, ತಳ್ಳುಗಾಡಿ ಒಳಗೇ ಇಡಬಹುದು, ಅದನ್ನೇ ಕಾದಿರಿಸಿ. ಬಿರುಗಾಳಿಗೆ ಮರ ಬಿದ್ದು ರೈಲು ನಿಂತರೆ, ಊರು ಮುಟ್ಟಲು ಒಂದು ಗಂಟೆಗಿಂತ ತಡ ಅಂತ ಗೊತ್ತಾದಾಗ ಪ್ರಯಾಣ ಬಿಟ್ಟು ಪೂರ್ತಿ ಹಣ ಕೇಳಬಹುದು. ರಾತ್ರಿ ಸಿಕ್ಕಿಬಿದ್ದರೆ ಇಲ್ಲೂ ಹೋಟೆಲ್ ಕೇಳುವ ಹಕ್ಕಿದೆ. ದೊಡ್ಡ ನಿಲ್ದಾಣಗಳಲ್ಲಿ ಬಾನ್‌ಹೋಫ್ಸ್‌ಮಿಸಿಯೋನ್ ಅಂತ ಒಂದು ಕೋಣೆ ಹುಡುಕಿ. ಚರ್ಚಿನವರು ನಡೆಸುವುದು, ಬಿಟ್ಟಿ. ಬಿಸಿ ಚಹಾ ಕೊಡುತ್ತಾರೆ, ಮಗು ಹಿಡಿದು ಕೂರಲು ಜಾಗ ಕೊಡುತ್ತಾರೆ. ಇಡೀ ದೇಶದಲ್ಲಿ ಆಸರಿಗೆ ಕೇಳುವ ಮನೆ ಅದೊಂದೇ ಅನ್ನಿಸಿದೆ ನನಗೆ.

ಮುನ್ಸೂಚನೆಗೆ ಜರ್ಮನಿಯ ಹವಾಮಾನ ಇಲಾಖೆಯ ವಾರ್ನ್‌ವೆಟ್ಟರ್ ಆ್ಯಪ್ ಹಾಕಿಕೊಳ್ಳಿ. ನಮ್ಮಲ್ಲಿ ಕೆಂಪು ಅಂದರೆ ಕೊನೆ, ಅಲ್ಲಿ ಕೆಂಪಿನ ಮೇಲೆ ನೇರಳೆ ಬಣ್ಣ ಇದೆ. ಆರು ಗಂಟೆಯಲ್ಲಿ 35 ಮಿಲಿಮೀಟರ್ ಮಳೆ ದಾಟಿದರೆ ಅವರಿಗೆ ಕೆಂಪು! ಶಿರಸಿಯವರಿಗೆ ಅದು ಕೊಡೆ ಬಿಚ್ಚುವ ಮಳೆ ಅಷ್ಟೆ. ಆದರೂ ನಗಬೇಡಿ, ಅಲ್ಲಿ ಕೆಂಪು ಬಂದ ದಿನ ಮಗು ಕಟ್ಟಿಕೊಂಡು ಹೊರಡಬೇಡಿ.

ಕೈಚೀಲದಲ್ಲಿ ಒಂದು ದಿನಕ್ಕೆ ಬೇಕಾದದ್ದರ ಎರಡರಷ್ಟು ಡಯಾಪರ್, ಎರಡು ಜೊತೆ ಬಟ್ಟೆ, ಜ್ವರದ ಔಷಧಿ, ರಾಗಿ ಮಣ್ಣಿಯ ಹಿಟ್ಟು. ಬಿಸಿನೀರು ಎಲ್ಲ ಕೆಫೆಯಲ್ಲೂ ಸಿಗುತ್ತದೆ. ಹಾಳೆಯಂಥ ತೆಳು ಸಿಹಿತಿಂಡಿ ತೊಡೆದೇವು ಡಬ್ಬಿಯಲ್ಲಿಟ್ಟರೆ ಪುಡಿಯಾಗುತ್ತದೆ, ಆದರೆ ನಮ್ಮ ಮಗಳು ಆ ಪುಡಿಯನ್ನು ಒಂದೊಂದೇ ಚೂರು ಹೆಕ್ಕುತ್ತ ಮುಕ್ಕಾಲು ಗಂಟೆ ಸುಮ್ನೆ ಕೂತಳು. ರಾತ್ರಿ ಮಗುವಿಗೆ ಹುಷಾರಿಲ್ಲದಿದ್ದರೆ 116117ಕ್ಕೆ ಫೋನ್ ಮಾಡಿ, ತೀರಾ ಗಂಭೀರವಾದರೆ 112.

ವಿಮಾನದಲ್ಲಿ ಕೈಚೀಲದ ದ್ರವಕ್ಕಿರುವ 100 ಮಿಲಿಲೀಟರ್ ಮಿತಿ ಮಗುವಿನ ಹಾಲು, ಊಟಕ್ಕೆ ಇಲ್ಲ, ತಪಾಸಣೆಯಲ್ಲಿ ಮೊದಲೇ ಹೊರಗೆ ತೆಗೆದು ತೋರಿಸಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಮಗುವಿನ ಊಟ ಅಂತ ಹೇಳಿ ನೋಡಬೇಡಿ. ನಮ್ಮ ಅತ್ತೆ ನೋಡಿದ್ದಾರೆ.