ಒಂದೇ ಮರದ ಬಿಲ್ಲು: ಕೆತ್ತುವುದು, ಬಾಗು ತಿದ್ದುವುದು

ಬಿಲ್ಲು ಮಾಡಲು ಹೊರಟವರು ಮೊದಲು ಅದರ ಎರಡು ಮುಖಗಳನ್ನು ಅರಿತುಕೊಳ್ಳಬೇಕು. ಗುರಿಯ ಕಡೆಗಿರುವ ಮುಖ ಬೆನ್ನು. ಬಿಲ್ಲುಗಾರನ ಕಡೆಗಿರುವುದು ಹೊಟ್ಟೆ. ಹೆದೆಯನ್ನು ಸೆಳೆದಾಗ ಬೆನ್ನಿನ ನಾರು ಹಿಗ್ಗುತ್ತದೆ, ಹೊಟ್ಟೆಯ ನಾರು ಒತ್ತಿಕೊಂಡು ಕುಗ್ಗುತ್ತದೆ. ಬೆನ್ನಿನ ನಾರು ಕಡಿದರೆ ಬಿಲ್ಲು ಮುರಿಯುತ್ತದೆ. ಹೊಟ್ಟೆಯ ನಾರು ಜಜ್ಜಿದರೆ ಅದು ಬಾಗಿದಲ್ಲೇ ಉಳಿದು ಶಕ್ತಿ ಕಳೆದುಕೊಳ್ಳುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಯೂ, ಓಸೇಜ್, ಎಲ್ಮ್, ಆಶ್, ಹಿಕರಿ ಇವು ಬಿಲ್ಲಿಗೆ ಹೆಸರಾದ ಮರಗಳು. ಮರ ಯಾವುದೇ ಇರಲಿ, ಗಂಟು ಕಡಿಮೆಯಿರುವ, ನಾರು ನೇರವಾಗಿ ಓಡುವ ದಿಮ್ಮಿಯನ್ನು ಆರಿಸಿ, ಗರಗಸದಿಂದ ಕೊಯ್ಯದೆ ಬೆಣೆ ಹೊಡೆದು ಸೀಳಬೇಕು. ಸೀಳು ನಾರಿನ ಜಾಡನ್ನೇ ಹಿಡಿದು ಹೋಗುತ್ತದೆ, ಗರಗಸಕ್ಕೆ ಆ ಜಾಡು ತಿಳಿಯದು. ಸೀಳಿದ ಕೂಡಲೇ ಎರಡೂ ತುದಿಗಳಿಗೆ ಅಂಟನ್ನೋ ಬಣ್ಣವನ್ನೋ ದಪ್ಪಗೆ ಬಳಿಯದಿದ್ದರೆ ತುದಿಗಳು ಬೇಗ ಒಣಗಿ ಬಿರುಕು ಬಿಡುತ್ತವೆ. ತೇವಾಂಶ ಶೇಕಡಾ 8ರಿಂದ 12ರ ನಡುವೆ ಇಳಿಯುವವರೆಗೆ ಸೀಳನ್ನು ನೆರಳಿನಲ್ಲಿ ಒಣಗಿಸಬೇಕು. ವಾರಕ್ಕೊಮ್ಮೆ ತೂಗುತ್ತಾ ಬಂದು, ತೂಕ ಇಳಿಯುವುದು ನಿಂತಾಗ ಅದು ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಎಂದು ತಿಳಿಯಬಹುದು.

ಬೆನ್ನಿನ ವಿಷಯದಲ್ಲಿ ರಾಜಿ ಕೂಡದು. ಎಲ್ಮ್, ಆಶ್, ಹಿಕರಿಗಳಲ್ಲಿ ತೊಗಟೆ ಸುಲಿದಾಗ ಸಿಗುವ ಮೇಲ್ಮೈಯನ್ನೇ ಬೆನ್ನಾಗಿ ಬಳಸಬಹುದು. ಓಸೇಜ್‌ನಲ್ಲಿ ಹೊರಗಿನ ಬಿಳಿಮರವನ್ನು ತೆಗೆದು, ಚೇಗಿನ, ಅಂದರೆ ಒಳಗಿನ ಗಟ್ಟಿಮರದ, ಒಂದೇ ವಾರ್ಷಿಕ ಉಂಗುರವನ್ನು ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕಡಿಯದಂತೆ ಹಿಡಿದು ಹೋಗುವುದು ವಾಡಿಕೆ. ಇದಾದ ಮೇಲೆ ಬೆನ್ನಿಗೆ ಉಳಿ ತಾಗಿಸಬಾರದು. ಇನ್ನು ತೆಗೆಯುವ ಮರವೆಲ್ಲ ಹೊಟ್ಟೆಯ ಕಡೆಯಿಂದಲೇ.

ಮೊದಲ ಬಿಲ್ಲಿಗೆ ಅಗಲವಾದ ಚಪ್ಪಟೆ ತೋಳು (ಹಿಡಿಯ ಎರಡೂ ಕಡೆಗಿರುವ ಬಾಗುವ ಭಾಗ), ಬಾಗದ ಗಟ್ಟಿ ಹಿಡಿ ಇರುವ ರೂಪವೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಅಗಲ ಹೆಚ್ಚಿದಷ್ಟೂ ಒತ್ತಡ ಹಂಚಿಹೋಗಿ ಸಣ್ಣಪುಟ್ಟ ತಪ್ಪುಗಳನ್ನು ಮರ ತಾಳಿಕೊಳ್ಳುತ್ತದೆ. 28 ಅಂಗುಲ ಸೆಳೆಯುವವರು 66ರಿಂದ 68 ಅಂಗುಲ ಉದ್ದ ಇಟ್ಟುಕೊಳ್ಳಲಿ. ನಡುವೆ 4 ಅಂಗುಲ ಹಿಡಿ, ಅದರ ಎರಡೂ ಪಕ್ಕಕ್ಕೆ 2 ಅಂಗುಲ ಇಳಿಜಾರು. ತೋಳು ಅರ್ಧದವರೆಗೆ ಒಂದೂಮುಕ್ಕಾಲು ಅಂಗುಲ ಅಗಲವಿದ್ದು, ಅಲ್ಲಿಂದ ಕಿರಿದಾಗುತ್ತಾ ತುದಿಯಲ್ಲಿ ಅರ್ಧ ಅಂಗುಲಕ್ಕೆ ಬರಲಿ. ಗಂಟಿದ್ದಲ್ಲಿ ಸುತ್ತ ತುಸು ಹೆಚ್ಚು ಮರ ಬಿಡಬೇಕು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, 5,000 ವರ್ಷಗಳಿಗೂ ಹಿಂದಿನ ಓಟ್ಸಿ ಎಂಬ ಮನುಷ್ಯನ ಬಳಿ ಸುಮಾರು 182 ಸೆಂಟಿಮೀಟರ್ ಉದ್ದದ ಯೂ ಮರದ ಬಿಲ್ಲಿತ್ತು. ಅದು ಈ ಒರಟು ಕೆತ್ತನೆಯ ಹಂತದಲ್ಲೇ ನಿಂತುಹೋಗಿತ್ತು, ಹತಾರದ ಗುರುತುಗಳು ಅದರ ಮೇಲೆ ಇಂದಿಗೂ ಕಾಣುತ್ತವೆ.

ಬಾಗು ತಿದ್ದುವ ಕೆಲಸ

ಇಂಗ್ಲಿಷ್ ಬಲ್ಲವರು ಟಿಲ್ಲರಿಂಗ್ ಎನ್ನುವ ಈ ಹಂತದಲ್ಲೇ ಕೋಲು ಬಿಲ್ಲಾಗುವುದು. ತೋಳಿನ ಅಗಲ ಇಮ್ಮಡಿಯಾದರೆ ಬಿಗಿಯೂ ಇಮ್ಮಡಿಯಾಗುತ್ತದೆ. ದಪ್ಪ ಇಮ್ಮಡಿಯಾದರೆ ಬಿಗಿ ಎಂಟು ಪಟ್ಟಾಗುತ್ತದೆ. 10 ಮಿಲಿಮೀಟರ್ ದಪ್ಪದ ತೋಳಿನಿಂದ ಒಂದೇ ಮಿಲಿಮೀಟರ್ ತೆಗೆದರೂ ಬಿಗಿಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಆದ್ದರಿಂದ ಕೊಡಲಿ, ಉಳಿಗಳನ್ನು ಬದಿಗಿಟ್ಟು ಅರ ಮತ್ತು ಹೆರೆಯುವ ಅಲಗನ್ನು ಕೈಗೆತ್ತಿಕೊಳ್ಳುವ ಹೊತ್ತು ಇದು.

ಮೊದಲು ಒಂದು ತುದಿಯನ್ನು ನೆಲಕ್ಕೆ ಊರಿ, ಹಿಡಿಯನ್ನು ಮೆಲ್ಲಗೆ ಒತ್ತಿ, ತೋಳು ಎಲ್ಲಿ ಬಾಗುತ್ತದೆ, ಎಲ್ಲಿ ಬಾಗುವುದಿಲ್ಲ ಎಂಬುದನ್ನು ನೋಡಬೇಕು. ಬಾಗದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಅಲ್ಲಿ ಮಾತ್ರ ಹೆರೆಯಬೇಕು. ಎರಡೂ ತೋಳು ಒಂದೇ ಬಗೆಯಲ್ಲಿ ಬಾಗತೊಡಗಿದಾಗ ತುದಿಗಳ ಅಂಚಿನಲ್ಲಿ ದುಂಡು ಅರದಿಂದ ಹೆದೆಯ ಕಚ್ಚುಗಳನ್ನು ಮಾಡಿ, ಕಚ್ಚು ಬೆನ್ನನ್ನು ಅಡ್ಡಕ್ಕೆ ಕಡಿಯದಂತೆ ನೋಡಿಕೊಂಡು, ತುಸು ಸಡಿಲವಾದ ಉದ್ದನೆಯ ಹೆದೆ ಕಟ್ಟಬೇಕು.

ಈಗ ಬಿಲ್ಲನ್ನು ಗೋಡೆಗೆ ಬಿಗಿದ ಕಂಬದ ತಲೆಯ ಮೇಲೆ ಹಿಡಿಯ ಬಳಿ ಕೂರಿಸಿ, ಹೆದೆಗೆ ಕಟ್ಟಿದ ಹಗ್ಗವನ್ನು ಕೆಳಗಿನ ರಾಟೆಯ ಮೂಲಕ ಹಾಯಿಸಿ, ದೂರ ನಿಂತು ಎಳೆಯಬೇಕು. ಬಿಲ್ಲನ್ನು ಕೈಯಲ್ಲಿ ಸೆಳೆಯುತ್ತಾ ಅದರ ಬಾಗನ್ನು ನೋಡಲಾಗುವುದಿಲ್ಲ. ಅಲ್ಲದೆ ಮುರಿದ ತುಂಡು ಸಿಡಿಯುವುದೂ ಉಂಟು. ಹಗ್ಗಕ್ಕೊಂದು ತೂಕದ ಮಾಪಕ ಸಿಕ್ಕಿಸಿರಲಿ. 40 ಪೌಂಡಿನ ಬಿಲ್ಲು, ಅಂದರೆ ಪೂರ್ತಿ ಸೆಳೆಯಲು 40 ಪೌಂಡು ಬಲ ಬೇಡುವ ಬಿಲ್ಲು, ಬೇಕಿದ್ದರೆ ಮೊದಲ ಎಳೆತದಿಂದ ಕೊನೆಯದರವರೆಗೆ 40 ಪೌಂಡನ್ನು ಮೀರಲೇಬಾರದು. ತಪ್ಪು ಕಣ್ಣಿಗೆ ಬಿದ್ದ ಜಾಗಕ್ಕಿಂತ ಒಂದು ಅಂಗುಲವೂ ಮುಂದೆ ಎಳೆಯಬಾರದು. ಈ ಎರಡು ಕಟ್ಟುಗಳನ್ನು ಪಾಲಿಸದೆ ಹಾಳಾದ ಬಿಲ್ಲುಗಳೇ ಹೆಚ್ಚೆಂದು ನಾನು ನಂಬಿದ್ದೇನೆ.

ಪ್ರತಿ ಸಲ ಹೆರೆದ ಮೇಲೆ ತೋಳನ್ನು ಇಪ್ಪತ್ತು ಮೂವತ್ತು ಸಲ ಸಣ್ಣಗೆ ಬಾಗಿಸಿ ಬಿಟ್ಟು ಆಮೇಲೆ ನೋಡಬೇಕು. ತೆಗೆದ ಮರದ ಪರಿಣಾಮ ಕೂಡಲೇ ಪೂರ್ತಿ ಕಾಣಿಸದು. ಕಣ್ಣಿಗೆ ಅನುಮಾನವಿದ್ದರೆ ಅಂಗೈಯುದ್ದದ ನೇರ ಮರದ ತುಂಡಿನ ನಡುವೆ ತೂತು ಕೊರೆದು, ಪೆನ್ಸಿಲ್ ಮೊನೆ ಚೂರೇ ಹೊರಗೆ ಬರುವಂತೆ ಸಿಕ್ಕಿಸಿ, ಬಾಗಿದ ಬಿಲ್ಲಿನ ಹೊಟ್ಟೆಯ ಮೇಲೆ ಜಾರಿಸಬೇಕು. ಬಾಗು ಕಡಿಮೆಯಿರುವಲ್ಲಿ ಗೆರೆ ಮೂಡುತ್ತದೆ, ಚೆನ್ನಾಗಿ ಬಾಗಿದಲ್ಲಿ ಮೊನೆ ತಾಗುವುದಿಲ್ಲ. ಗೆರೆಯಿದ್ದಲ್ಲಿ ಹೆರೆಯಬೇಕು.

ಒಂದೇ ಕಡೆ ತೋಳು ಮಡಿಸಿದಂತೆ ಕಂಡರೆ ಆ ಜಾಗವನ್ನು ಮತ್ತೆ ಮುಟ್ಟದೆ, ಅದರ ಆಚೀಚೆ ಹೆರೆದು ಉಳಿದ ಭಾಗವನ್ನು ಅದರ ಮಟ್ಟಕ್ಕೆ ತರಬೇಕು. ಇನ್ನೊಂದು ತೋಳನ್ನೂ ಅದಕ್ಕೆ ಸರಿಹೊಂದಿಸಬೇಕು. ಇದರಿಂದ ಬಿಲ್ಲಿನ ಬಲ ಇಳಿಯುತ್ತದೆ, ಇಳಿಯಲಿ. ಬಲ ಉಳಿಸುವ ಆಸೆಯಿಂದ ಬಿಟ್ಟರೆ ಅಲ್ಲೇ ಹೊಟ್ಟೆಯ ಮೇಲೆ ಅಡ್ಡಡ್ಡ ಸಣ್ಣ ಸುಕ್ಕುಗಳು ಮೂಡುತ್ತವೆ, ಅವು ಜಜ್ಜಿದ ನಾರಿನ ಗುರುತು.

ಉದ್ದನೆಯ ಹೆದೆಯಲ್ಲಿ ಬಾಗು ಸಮವಾದ ಮೇಲೆ ಗಿಡ್ಡ ಹೆದೆಯೇರಿಸಿ, ಹಿಡಿಗೂ ಹೆದೆಗೂ ನಡುವೆ ಮೊದಲು 3–4 ಅಂಗುಲ, ಕ್ರಮೇಣ 6 ಅಂಗುಲ ಅಂತರ ಕೊಡಬೇಕು. ಕೆಳಗಿನ ತೋಳು ಮೇಲಿನದಕ್ಕಿಂತ ಕೊಂಚ ಬಿಗಿಯಾಗಿರಲಿ. ಬೇಕಾದ ಸೆಳೆತಕ್ಕೆ ಒಂದು ಅಂಗುಲ ಇರುವಾಗಲೇ ಹೆರೆಯುವುದನ್ನು ನಿಲ್ಲಿಸಿ, ಅಂಚುಗಳನ್ನು ದುಂಡಾಗಿಸಿ, ಮರಳು ಕಾಗದದಿಂದ ನಯಗೊಳಿಸಬೇಕು. ಆ ಉಜ್ಜುವಿಕೆಯೂ ಒಂದೆರಡು ಪೌಂಡು ಇಳಿಸುತ್ತದೆ.

ಕೊನೆಗೆ ಅಗಸೆ ಎಣ್ಣೆಯನ್ನು ತೆಳ್ಳಗೆ, ಒಂದು ಲೇಪ ಒಣಗಿದ ಮೇಲೆ ಇನ್ನೊಂದರಂತೆ ಕೆಲವು ಸಲ ಬಳಿಯಬೇಕು. ಬಾಣವಿಲ್ಲದೆ ಹೆದೆ ಸೆಳೆದು ಬಿಡಬಾರದು, ಬಾಣ ಒಯ್ಯಬೇಕಾದ ಶಕ್ತಿಯೆಲ್ಲ ಆಗ ತೋಳುಗಳಿಗೇ ಬಡಿಯುತ್ತದೆ. ಬಳಸಿದ ಮೇಲೆ ಹೆದೆಯಿಳಿಸಿ, ಬಿಸಿಲು ತೇವಗಳಿಲ್ಲದ ಕಡೆ ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡಬೇಕು.