ಬಿಯರ್ ಜೊತೆ ಚೀಸ್: ಬೆಲ್ಜಿಯಂನಲ್ಲಿ ನನ್ನ ಅನುಭವ

ಬೆಲ್ಜಿಯಂನ ಹಳೇ ಕೆಫೆಗಳಲ್ಲಿ ಬಿಯರ್ ಜೊತೆ ನಂಚಿಕೊಳ್ಳಲು ಒಂದು ಪ್ಲೇಟ್ ಚೀಸ್ ತುಂಡುಗಳು ಸಿಗುತ್ತವೆ. ಪಕ್ಕದಲ್ಲಿ ಸಾಸಿವೆ ಪೇಸ್ಟ್, ಉದುರಿಸಿಕೊಳ್ಳಲು ಸೆಲರಿ ಉಪ್ಪು. ಕೆಲಸಕ್ಕೆಂದು ಲೂವೆನ್‌ಗೆ ಬಂದ ಮೇಲೆ ನಾನೂ ಅಲ್ಲಿಂದಲೇ ಶುರು ಮಾಡಿದೆ.

ಚೀಸ್‌ಗೆ ವೈನ್‌ಗಿಂತ ಬಿಯರೇ ವಾಸಿ ಅಂತೀನಿ ನಾನು. ಕಾರಣ ಗ್ಯಾಸ್. ಚೀಸ್‌ನ ಜಿಡ್ಡು ನಾಲಿಗೆಗೆ ಅಂಟಿ ಕೂರುತ್ತದೆ, ಬಿಯರ್‌ನ ಗುಳ್ಳೆಗಳು ಅದನ್ನು ತೊಳೆದುಬಿಡುತ್ತವೆ.

ಮೊದಲು ಹೂಗಾರ್ಡನ್ ತಗೊಂಡೆ. ಗೋಧಿ ಬಿಯರ್, ಆಲ್ಕೋಹಾಲ್ 4.9% ಅಷ್ಟೇ. ಅದಕ್ಕೆ ಧನಿಯಾ, ಕಿತ್ತಳೆ ಸಿಪ್ಪೆ ಹಾಕಿರುತ್ತಾರೆ, ಹಾಗಾಗಿ ನಮ್ಮ ಬಾಯಿಗೆ ಬೇಗ ಒಗ್ಗುತ್ತದೆ. ಮೇಕೆ ಹಾಲಿನ ಮೆತ್ತನೆ ಚೀಸ್ ಇದರ ಜೊತೆ ಚೆನ್ನ. ಹಗುರ ಬಿಯರ್‌ಗೆ ಹಗುರ ಚೀಸ್, ಗಡಸು ಬಿಯರ್‌ಗೆ ಗಡಸು ಚೀಸ್. ಶುರುವಿನಲ್ಲಿ ಇಷ್ಟು ಗೊತ್ತಿದ್ದರೆ ಸಾಕು.

ಆಮೇಲೆ ಶಿಮೇ ಅನ್ನುವ ಮಠದ ಬಿಯರ್. ಆ ಮಠದ ಸನ್ಯಾಸಿಗಳು 1862ರಲ್ಲಿ ಬಿಯರ್, 1876ರಲ್ಲಿ ಚೀಸ್ ಮಾಡಲು ತೊಡಗಿದರು. ಅವರದೇ ಬಿಯರ್‌ನಲ್ಲಿ ಹೊರಪದರ ತೊಳೆದು ಮಾಗಿಸಿದ ಚೀಸ್ ಕೂಡ ಇದೆ. ವಾಸನೆಗೆ ಹೆದರಬೇಡಿ, ತಿಂದರೆ ಅಷ್ಟು ಘಾಟಿಲ್ಲ. ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು ವರ್ಷಕ್ಕೂ ಮೀರಿ ಮಾಗಿದ ಗೌಡಾ ಚೀಸ್ ಮತ್ತು ವೆಸ್ಟ್‌ಮಾಲೆ ಡುಬ್ಬೆಲ್ ಅನ್ನುವ ಕಂದು ಬಿಯರ್‌ನ ಜೋಡಿ. ಚೀಸ್‌ನಲ್ಲಿ ಹಲ್ಲಿಗೆ ಕರುಂ ಅನ್ನುವ ಹರಳು, ಕರಗಿಸಿದ ಸಕ್ಕರೆಯ ಪರಿಮಳ. ಅದೇ ಪರಿಮಳ ಬಿಯರ್‌ನಲ್ಲೂ ಇದೆ. ನೀಲಿ ಬೂಷ್ಟಿನ ಸ್ಟಿಲ್ಟನ್ ಚೀಸ್‌ಗೆ ಸ್ಟೌಟ್ ಅನ್ನುವ ಕಪ್ಪು ಬಿಯರ್ ಸರಿ. ಬ್ರೀ ಚೀಸ್ ಜೊತೆ ಐಪಿಎ ಅನ್ನುವ ಕಹಿ ಬಿಯರ್ ಮಾತ್ರ ಬೇಡ, ಬಾಯಲ್ಲಿ ಲೋಹ ಚೀಪಿದ ಹಾಗಾಗುತ್ತದೆ.

ಬ್ರಸೆಲ್ಸ್ ಕಡೆಯವರ ಜೋಡಿಯೇ ಬೇರೆ. ಬ್ರೆಡ್ ಮೇಲೆ ಪ್ಲಾಟೆಕಾಸ್ ಅನ್ನುವ ತಾಜಾ ಚೀಸ್ ಸವರುತ್ತಾರೆ. ನೀರು ಸೋಸಿದ ಗಟ್ಟಿ ಮೊಸರಿನ ಹಾಗೇ ಇರುತ್ತದೆ. ಮೇಲೆ ಪುಟ್ಟ ಕೆಂಪು ಮೂಲಂಗಿ, ಈರುಳ್ಳಿ ಸೊಪ್ಪು. ಕುಡಿಯಲು ಹುಳಿ ಹುಳಿಯಾದ ಗ್ಯೂಜ್ ಬಿಯರ್. ಮೊದಲ ಗುಟುಕಿಗೆ ಮುಖ ಕಿವುಚಿಕೊಂಡವರೂ ಪ್ಲೇಟ್ ಖಾಲಿಯಾಗುವಷ್ಟರಲ್ಲಿ ಇನ್ನೊಂದು ಬಾಟ್ಲಿ ಕೇಳ್ತಾರೆ.

ಮನೆಯಲ್ಲಿ ಮಾಡುವುದಾದರೆ ಗಟ್ಟಿ ಚೀಸನ್ನು ಒಂದು ಗಂಟೆ ಮೊದಲೇ ಫ್ರಿಜ್‌ನಿಂದ ತೆಗೆದಿಡಿ. ತಣ್ಣಗಿದ್ದರೆ ರುಚಿ ಬಿಡುವುದಿಲ್ಲ. ಡುಬ್ಬೆಲ್‌ನಂಥ ಬಿಯರ್ ಕೂಡ ಐಸ್‌ನಂತೆ ಕೊರೆಯುವುದು ಬೇಡ, 10ರಿಂದ 12 ಡಿಗ್ರಿ ಸಾಕು.

ಊರಿಂದ ಬರುವ ಸಸ್ಯಾಹಾರಿ ಗೆಳೆಯರಿಗೆ ಬಡಿಸುವ ಮುಂಚೆ ನಾನು ಲೇಬಲ್ ಓದುತ್ತೇನೆ. ಯುರೋಪಿನ ಹಳೇ ಬಗೆಯ ಚೀಸ್‌ಗಳಲ್ಲಿ ಬಹಳಷ್ಟಕ್ಕೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವದಿಂದ. ಮೈಕ್ರೋಬಿಯಲ್ ರೆನೆಟ್, ಅಂದರೆ ಸೂಕ್ಷ್ಮಜೀವಿಗಳಿಂದ ಮಾಡಿದ್ದು, ಎಂದಿದ್ದರೆ ಚಿಂತೆಯಿಲ್ಲ.